ಗಡಿ ಫೀಡರಿನ ಅರ್ಧ ಗಂಟೆ

ಕಂಬದ ಮೇಲೆ ಮನುಷ್ಯ ಇದ್ದಾನೋ ಇಲ್ಲವೋ ಎಂಬುದು ಸಬ್‌ಸ್ಟೇಷನ್ನಿನ ಪ್ಯಾನೆಲಿನಲ್ಲಿ ಕಾಣುವುದಿಲ್ಲ. ಕೆಂಪು ದೀಪ ಉರಿದರೆ ಫೀಡರಿನಲ್ಲಿ ಕರೆಂಟ್ ಇದೆ, ಹಸಿರು ಉರಿದರೆ ಇಲ್ಲ. ಎಷ್ಟು ಆಂಪಿಯರ್ ಹೋಗುತ್ತಿದೆ ಎಂದು ಮೀಟರಿನ ಮುಳ್ಳು ತೋರಿಸುತ್ತದೆ. ಉಳಿದದ್ದನ್ನೆಲ್ಲ ಫೋನಿನಲ್ಲಿ ಕೇಳಿ ತಿಳಿಯಬೇಕು. ಕಾಸರಗೋಡು ಜಿಲ್ಲೆಯಲ್ಲಿ, ಉಪ್ಪಳದಿಂದ ಒಳಗೆ ಒಂದು ಸಣ್ಣ ಸಬ್‌ಸ್ಟೇಷನ್ನಿನಲ್ಲಿ ನಾನು ಶಿಫ್ಟ್ ಆಪರೇಟರ್ ಆಗಿದ್ದಾಗ, ಒಂದು ಬೇಸಗೆಯಲ್ಲಿ, ನಮ್ಮ ಲೈನಿನ ಮೇಲೆ ಒಬ್ಬ ಲೈನ್‌ಮ್ಯಾನ್ ಸತ್ತ. ಆಗ ನಾನು ನೋಡಿದ್ದನ್ನು, ಕೇಳಿದ್ದನ್ನು, ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ನಮ್ಮಲ್ಲಿಂದ ಹೊರಡುವ ಮುಖ್ಯ ಲೈನುಗಳು, ಅಂದರೆ ಫೀಡರುಗಳು, ಎರಡು. ಒಂದು ಪೇಟೆಗೆ ಹೋಗುವುದು: ಹೆದ್ದಾರಿಯ ಅಂಗಡಿಗಳು, ಆಸ್ಪತ್ರೆ, ಮೀನಿನ ಐಸ್ ಪ್ಲಾಂಟ್. ಇನ್ನೊಂದು ವರ್ಕಾಡಿಯ ದಿಕ್ಕಿಗೆ, ಕರ್ನಾಟಕದ ಗಡಿಯ ಊರುಗಳಿಗೆ ಹೋಗುವುದು. ಅದನ್ನು ನಾವು ಗಡಿ ಫೀಡರ್ ಅನ್ನುತ್ತಿದ್ದೆವು. ಆ ಲೈನ್ ಎಳೆದ ಕಾಲದಲ್ಲಿ ಅದರ ಕೆಲಸ ತೋಟದ ಪಂಪು, ಮನೆಯ ಲೈಟು, ಹೆಚ್ಚೆಂದರೆ ಒಂದು ಅಕ್ಕಿ ಮಿಲ್ಲು. ಈಗ ಗಲ್ಫಿನ ದುಡ್ಡಿನಲ್ಲಿ ಎದ್ದ ಮನೆಗಳು ಆ ದಾರಿಯ ಉದ್ದಕ್ಕೂ ನಿಂತಿವೆ. ವರ್ಷದ ಹತ್ತು ತಿಂಗಳು ಬೀಗ ಹಾಕಿರುವ ಮನೆಗಳು ಏಪ್ರಿಲಿನಲ್ಲಿ ಒಟ್ಟಿಗೆ ತೆರೆಯುತ್ತವೆ. ಕೋಣೆಗೊಂದು ಎಸಿ, ಅಂಗಳದಲ್ಲಿ ಚಾರ್ಜಿಗೆ ಇಟ್ಟ ಕಾರು, ಪಕ್ಕದ ಸಭಾಂಗಣದಲ್ಲಿ ಮದುವೆ. ಸಂಜೆ ಮಗ್ರಿಬಿನ ಬಾಂಗ್ ಮುಗಿಯುವಷ್ಟರಲ್ಲಿ ಮೀಟರಿನ ಮುಳ್ಳು, ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಎಂದೂ ಮುಟ್ಟದ ಜಾಗಕ್ಕೆ ಹೋಗಿ ಅಲ್ಲೇ ನಡುಗುತ್ತಾ ನಿಲ್ಲುತ್ತಿತ್ತು.

ತೊಂದರೆ ತಂತಿಯದು ಮಾತ್ರ ಆಗಿರಲಿಲ್ಲ. ಅದನ್ನು ನನಗೆ ವಿವರಿಸಿದವರು ನಮ್ಮ ಅಸಿಸ್ಟೆಂಟ್ ಇಂಜಿನಿಯರ್ ಮೇಡಂ. ತ್ರಿಶೂರು ಕಡೆಯವರು, ಕೆಲಸಕ್ಕೆ ಹೊಸಬರು, ಕನ್ನಡವನ್ನು ಇಲ್ಲಿಗೆ ಬಂದ ಮೇಲೆ ಕಲಿತವರು.

"ಚೇಟ್ಟಾ, ಕರೆಂಟಿಗೆ ಈಗ ಒಂದು ಸಂತೆ ಉಂಟು," ಎಂದರು. "ಹದಿನೈದು ನಿಮಿಷದ ಒಂದೊಂದು ಬ್ಲಾಕಿಗೂ ಒಂದು ಸಂತೆ. ಕಂಪ್ಯೂಟರಿನಲ್ಲಿ. ಹಗಲು ಸೋಲಾರ್ ಇರುವಾಗ ಕೇಳುವವರಿಲ್ಲ, ಅಗ್ಗಕ್ಕೆ ಸಿಗ್ತದೆ. ಸೂರ್ಯ ಮುಳುಗಿದ ಕೂಡಲೇ ಎಲ್ಲ ರಾಜ್ಯದವರೂ ಒಂದೇ ಅಂಗಡಿಗೆ ಓಡ್ತಾರೆ."

"ನಾವೂ ಓಡುವುದಲ್ವಾ?"

"ಓಡ್ತೇವೆ. ಬೆಲೆಗೆ ಸರಕಾರ ಒಂದು ಮಿತಿ ಇಟ್ಟದ್ದುಂಟು. ಬೆಲೆ ಆ ಮಿತಿಗೆ ತಾಗಿದ ಮೇಲೆ ದುಡ್ಡು ಕೊಡ್ತೇವೆ ಅಂದ್ರೂ ಸರಕು ಸಿಗೂದಿಲ್ಲ. ಸಿಕ್ಕದ್ದಕ್ಕಿಂತ ಹೆಚ್ಚು ಎಳೆದ್ರೆ ಇಡೀ ಗ್ರಿಡ್ಡಿಗೇ ಏಟು. ಹಾಗಾಗಿ ಯಾರನ್ನಾದರೂ ತೆಗೀಬೇಕು."

ರಾಜ್ಯದ ಕಂಟ್ರೋಲ್ ರೂಮಿನಿಂದ ಫೋನ್ ಬರುತ್ತಿತ್ತು: ಅರ್ಧ ಗಂಟೆ ಇಷ್ಟು ಲೋಡು ಇಳಿಸಿ. ಪೇಟೆ ಫೀಡರಿನಲ್ಲಿ ಆಸ್ಪತ್ರೆ ಇತ್ತು, ಮುಟ್ಟುವಂತಿಲ್ಲ. ಉಳಿದದ್ದು ಗಡಿ ಫೀಡರ್. ಪ್ರತಿ ಸಂಜೆ ನಾನು ಅದರ ಬ್ರೇಕರ್ ತೆಗೆಯುತ್ತಿದ್ದೆ. ಕೆಂಪು ಆರಿ ಹಸಿರು ಬಂದ ಕೂಡಲೇ ಮೇಜಿನ ಫೋನ್ ಹೊಡೆದುಕೊಳ್ಳಲು ಶುರು.

"ಹಲೋ, ಸಬ್‌ಸ್ಟೇಷನ್ನಾ? ನೀವು ಜೀವಂತ ಇದ್ದೀರಾ ಅಂತ ನೋಡ್ಲಿಕ್ಕೆ ಮಾಡಿದ್ದು."

"ಕಟ್ ಉಂಟು, ಅರ್ಧ ಗಂಟೆ. ಮೇಲಿನಿಂದ ಆರ್ಡರ್."

"ಉಪ್ಪಳದಲ್ಲಿ ಐಸ್‌ಕ್ರೀಮ್ ಕರಗಬಾರದು, ಇಲ್ಲಿ ನಮ್ಮ ಅಜ್ಜಿ ಕರಗಿದ್ರೆ ಅಡ್ಡಿಲ್ಲ, ಅಲ್ವಾ? ನಿಮ್ಮ ಮನೆ ಯಾವ ಫೀಡರ್ ಮಾರಾಯ್ರೆ?"

ನನ್ನ ಮನೆ ಪೇಟೆ ಫೀಡರಿನಲ್ಲಿತ್ತು.

ಇನ್ನು, ಕಟ್‌ನ ಒಳಗಿನ ಕೆಲಸ ಎಂದರೆ ಏನೆಂದು ಹೇಳಬೇಕು. ನಿಯಮದ ಪ್ರಕಾರ ಲೈನಿನ ಮೇಲೆ ಕೈ ಇಡುವವರು ಮೊದಲು ಪರ್ಮಿಟ್ ತೆಗೆದುಕೊಳ್ಳಬೇಕು. ಊರಿನ ಲೈನ್ ನೋಡಿಕೊಳ್ಳುವ ಸೆಕ್ಷನ್ ಆಫೀಸಿನ ಓವರ್‌ಸಿಯರ್ ಕೇಳುತ್ತಾರೆ, ಕಂಟ್ರೋಲ್ ರೂಮ್ ಒಪ್ಪಿ ನಂಬರ್ ಕೊಡುತ್ತದೆ, ನಾನು ಬ್ರೇಕರ್ ತೆಗೆದು ಬೋರ್ಡ್ ನೇತುಹಾಕುತ್ತೇನೆ. ಆ ಪರ್ಮಿಟ್ ವಾಪಸು ಬರುವವರೆಗೆ ಯಾರು ಹೇಳಿದರೂ ನಾನು ಲೈನ್ ಹಾಕುವಂತಿಲ್ಲ. ಆದರೆ ಪರ್ಮಿಟಿಗಾಗಿ ಕರೆಂಟ್ ತೆಗೆದರೆ ಅದು ಸೆಕ್ಷನ್ನಿನ ಹೆಸರಿಗೆ ಅಡಚಣೆ ಎಂದು ಬರೆಯಲ್ಪಡುತ್ತದೆ. ಮೇಲಿನ ಆರ್ಡರಿನ ಕಟ್ ಯಾರ ಹೆಸರಿಗೂ ಬರುವುದಿಲ್ಲ. ಅದರ ಜೊತೆಗೆ, ಸಂಜೆ ಕಟ್ ಅನುಭವಿಸುವ ಜನರಿಗೆ ಹಗಲೂ ಕರೆಂಟ್ ತೆಗೆದರೆ ಅವರು ಸೆಕ್ಷನ್ ಆಫೀಸಿನ ಬಾಗಿಲಿಗೆ ಬರುತ್ತಾರೆ. ಹಾಗಾಗಿ ಸಣ್ಣ ಕೆಲಸಗಳನ್ನು ಸಂಜೆಯ ಕಟ್‌ನ ಒಳಗೇ ಮುಗಿಸುವ ರೂಢಿ ಬೆಳೆಯಿತು. ಲೈನ್ ಹೇಗೂ ಆಫ್ ಉಂಟಲ್ಲ, ಎನ್ನುವುದು ಎಲ್ಲರ ಬಾಯಲ್ಲಿ ಬರುತ್ತಿದ್ದ ಮಾತು. ಯಾರೂ ಕಲಿಸಿದ್ದಲ್ಲ, ಯಾರೂ ತಡೆದದ್ದೂ ಅಲ್ಲ.

ಆ ರೂಢಿಯ ಅಡಿಯಲ್ಲಿ ಒಂದು ಕಾಲದಲ್ಲಿ ಸ್ವಲ್ಪ ಭದ್ರತೆ ಇತ್ತು. ಲೈನ್ ಕವಲೊಡೆಯುವ ಕಂಬಗಳಲ್ಲಿ ಎಬಿ ಸ್ವಿಚ್ ಇರುತ್ತದೆ. ಕೆಳಗೆ ನಿಂತು ಹಿಡಿ ಎಳೆದರೆ ಆಚೆಗಿನ ತಂತಿ ಬೇರೆಯಾಗುತ್ತದೆ, ಆಮೇಲೆ ನಾನು ಇಲ್ಲಿಂದ ಕರೆಂಟ್ ಹಾಕಿದರೂ ಅಲ್ಲಿಗೆ ತಲುಪುವುದಿಲ್ಲ. ಗಡಿ ಫೀಡರಿನ ಎಬಿ ಸ್ವಿಚ್‌ಗಳು ಆ ಬೇಸಗೆಯ ಲೋಡು ತಾಳದೆ ಒಂದೊಂದಾಗಿ ಬಾಯಿ ಸುಟ್ಟುಕೊಂಡಿದ್ದವು. ಹೊಸದು ಕೇಳಿದರೆ ಸ್ಟೋರಿನಲ್ಲಿ ಇಲ್ಲ. ಕರೆಂಟ್ ನಿಲ್ಲಬಾರದೆಂದು ಸೆಕ್ಷನ್ನಿನವರು ಸ್ವಿಚ್ಚಿನ ಎರಡು ಬದಿಗೂ ತಂತಿ ಕಟ್ಟಿ ನೇರ ಮಾಡಿಬಿಟ್ಟಿದ್ದರು. ಹಿಡಿ ಕಂಬದಲ್ಲೇ ಇತ್ತು, ಎಳೆದರೆ ಬರುತ್ತಿತ್ತು, ಏನೂ ಬೇರೆಯಾಗುತ್ತಿರಲಿಲ್ಲ. ಅಂದರೆ ಆ ಇಡೀ ಲೈನಿನಲ್ಲಿ ಕರೆಂಟನ್ನು ನಿಲ್ಲಿಸುವ ಜಾಗ ಒಂದೇ ಉಳಿದಿತ್ತು: ನನ್ನ ಮುಂದಿನ ಪ್ಯಾನೆಲು.

ಕಂಬ ಹತ್ತುತ್ತಿದ್ದ ಲೈನ್‌ಮ್ಯಾನ್ ಒಬ್ಬ ಬ್ಯಾರಿ. ಗಲ್ಫಿನಲ್ಲಿ ಕಟ್ಟಡಗಳ ವೈರಿಂಗ್ ಮಾಡಿ, ವಾಪಸು ಬಂದು, ಕಾಂಟ್ರಾಕ್ಟಿನಲ್ಲಿ ಸೆಕ್ಷನ್ನಿಗೆ ಸೇರಿದವನು. ನಲವತ್ತರ ಆಸುಪಾಸು. ಕೈ ಬಹಳ ಚುರುಕು, ಬಾಯಿ ಅದಕ್ಕಿಂತ ಚುರುಕು.

"ಅಲ್ಲಿ ಇಷ್ಟು ವರ್ಷ ಇದ್ದೆ, ಒಂದು ದಿನ ಕರೆಂಟ್ ಹೋದದ್ದಿಲ್ಲ," ಎನ್ನುತ್ತಿದ್ದ. "ಹೋದ್ರೆ ಅಲ್ಲಿ ಪೇಪರಿನಲ್ಲಿ ಬರ್ತದೆ. ಇಲ್ಲಿ ಕರೆಂಟ್ ಬಂದ್ರೆ ಪೇಪರಿನಲ್ಲಿ ಬರ್ತದೆ."

ನನಗೆ ಈ ರೂಢಿಯ ಭಯ ಇತ್ತು. ಹತ್ತುವ ಮೊದಲು ನನಗೆ ಒಂದು ಫೋನ್, ಇಳಿದ ಮೇಲೆ ಒಂದು ಫೋನ್, ಅದಿಲ್ಲದೆ ನಾನು ಲೈನ್ ಹಾಕುವುದಿಲ್ಲ ಎಂದು ಅವನಿಗೂ ಓವರ್‌ಸಿಯರಿಗೂ ಹೇಳಿದ್ದೆ. ಶಾಲೆಯ ಹಾಜರಿಯ ಹಾಗೆ ಇದು ಎಂದು ಅವನು ನನ್ನನ್ನು ಮಾಷ್ಟ್ರೆ ಎಂದು ಕರೆಯಲು ಶುರು ಮಾಡಿದ. "ಮಾಷ್ಟ್ರೆ, ಹತ್ತಿದೆ." "ಮಾಷ್ಟ್ರೆ, ಇಳಿದೆ, ಪ್ರೆಸೆಂಟ್ ಹಾಕಿ."

ಅದು ಕೆಲವು ವಾರ ನಡೆಯಿತು. ಆಮೇಲೆ ಒಂದು ಸಂಜೆ, ಅವನು ಹತ್ತಿದ್ದೇನೆ ಎಂದು ಹೇಳಿ ಸ್ವಲ್ಪ ಹೊತ್ತಿನಲ್ಲೇ ಕಂಟ್ರೋಲ್ ರೂಮಿನ ಫೋನ್ ಬಂತು. "ಗಡಿ ಫೀಡರ್ ಹಾಕಿ."

ಅರ್ಧ ಗಂಟೆ ಆಗಿರಲಿಲ್ಲ. ಅದರ ಅರ್ಧ ಆಗಿತ್ತು. ನಾನು ಅದನ್ನೇ ಹೇಳಿದೆ.

"ಮುಂದಿನ ಬ್ಲಾಕಿಗೆ ಪವರ್ ಸಿಕ್ಕಿದೆ. ಕೊಂಡದ್ದಾಗಿದೆ. ಎಲ್ಲರೂ ಹಾಕ್ತಾ ಇದ್ದಾರೆ."

"ಲೈನಿನಲ್ಲಿ ಜನ ಉಂಟು ಸಾರ್."

"ಪರ್ಮಿಟ್ ನಂಬರ್ ಹೇಳಿ."

ನಂಬರ್ ಇರಲಿಲ್ಲ. ಹಾಗೆಂದೆ. "ನಂಬರ್ ಇಲ್ಲದಿದ್ರೆ ಜನ ಇಲ್ಲ. ಹಾಕಿ," ಎಂದು ಇಟ್ಟರು.

ನಾನು ಹಾಕಲಿಲ್ಲ. ಪ್ಯಾನೆಲಿನ ಮುಂದೆ ಎರಡು ಕೈಯನ್ನೂ ಹಿಂದೆ ಕಟ್ಟಿಕೊಂಡು ನಿಂತೆ. ಫೋನ್ ಮತ್ತೆ ಹೊಡೆಯಿತು, ಮತ್ತೆ ಹೊಡೆಯಿತು. ಕೊನೆಗೆ ಅವನ ಫೋನ್ ಬಂತು. "ಮಾಷ್ಟ್ರೆ, ಇಳಿದೆ. ಎಂತ, ಸ್ವರ ಯಾಕೆ ಹಾಗೆ? ಬಿಪಿ ಉಂಟಾ?" ಆಮೇಲೆ ಲೈನ್ ಹಾಕಿದೆ. ಅಷ್ಟರಲ್ಲಿ ಕೊಂಡ ಕರೆಂಟಿನ ಆ ಹದಿನೈದು ನಿಮಿಷದಲ್ಲಿ ನಮ್ಮ ಪಾಲು ಮುಗಿದಿತ್ತು.

ಮೆಮೊ ಬಂತು. ಕಾಸರಗೋಡಿನ ಮೇಲಿನ ಆಫೀಸಿಗೆ ನನ್ನನ್ನೂ ಓವರ್‌ಸಿಯರನ್ನೂ ಇಂಜಿನಿಯರ್ ಮೇಡಮನ್ನೂ ಕರೆದರು. ಅಲ್ಲಿನ ಎಕ್ಸಿಕ್ಯೂಟಿವ್ ಇಂಜಿನಿಯರ್ ಬೈಯುವ ಜನ ಅಲ್ಲ. ನಮಗೆಲ್ಲ ಕುರ್ಚಿ ತೋರಿಸಿದರು, ಚಹಾ ತರಿಸಿದರು.

"ಲೈನಿನಲ್ಲಿ ಜನ ಇದ್ದಾರೆ ಎಂದರೆ ಪರ್ಮಿಟ್ ಇದೆ," ಎಂದರು. "ಪರ್ಮಿಟ್ ಇಲ್ಲ ಎಂದರೆ ಜನ ಇಲ್ಲ. ಇದೆರಡರ ನಡುವೆ ಮೂರನೆಯದು ಯಾವುದೂ ಇಲ್ಲ. ನೀವು ಫೋನಿನಲ್ಲಿ ಹಾಜರಿ ಹಾಕಿ ಮೂರನೆಯದನ್ನು ಮಾಡಿದ್ದೀರಿ. ಒಂದು ದಿನ ಅದೇ ಜನರನ್ನು ಕೊಲ್ಲುತ್ತದೆ."

ಅವರು ಹೇಳಿದ್ದರಲ್ಲಿ ತಪ್ಪಿಲ್ಲ ಎಂದು ನನಗೆ ಆಗಲೂ ಅನಿಸಿತ್ತು. ಈಗಲೂ ಅನಿಸುತ್ತದೆ.

ಕಟ್‌ನ ಒಳಗಿನ ಕೆಲಸ ಪೂರ್ತಿ ನಿಲ್ಲಿಸಬೇಕು. ಹಾಕಿ ಎಂಬ ಆರ್ಡರ್ ಬಂದ ಕೂಡಲೇ ಹಾಕಬೇಕು, ಪರ್ಮಿಟ್ ಇದ್ದರೆ ಮಾತ್ರ ತಡೆಯಬಹುದು. ಕಟ್ ಇರುವ ಸಂಜೆಗಳಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಸಬ್‌ಸ್ಟೇಷನ್ನಿನಲ್ಲೇ ಇರಬೇಕು. ಇದನ್ನೆಲ್ಲ ಬರೆದ ಹೊಸ ಮೆಮೊಗೆ ಮೂವರೂ ಸಹಿ ಹಾಕಿದೆವು. ಹೊರಗೆ ಬಂದ ಮೇಲೆ ಓವರ್‌ಸಿಯರ್ ಹೇಳಿದ್ದು ಇಷ್ಟೇ: "ಇನ್ನು ಪರ್ಮಿಟ್ ಕೊಡ್ತಾರಾ ನೋಡುವ ಅಣ್ಣ."

ಕೊಡಲಿಲ್ಲ. ಕೇಳಿದಾಗಲೆಲ್ಲ ಒಂದೇ ಉತ್ತರ: ಆ ಫೀಡರಿಗೆ ಸಂಜೆ ಹೇಗೂ ಕಟ್ ಇದೆ, ಹಗಲೂ ತೆಗೆದರೆ ದೂರು ಬರುತ್ತದೆ, ಮುಂದಿನ ವಾರ ಕೇಳಿ. ಸಂಜೆಯ ಕಟ್‌ನಲ್ಲಿ ಕೆಲಸ ಮಾಡುವಂತಿಲ್ಲ. ಹಗಲು ಪರ್ಮಿಟ್ ಇಲ್ಲ. ಲೋಡು ಮಾತ್ರ ಏರುತ್ತಲೇ ಇತ್ತು. ಮಾಡಬೇಕಾದ ಕೆಲಸಗಳು ಲೈನಿನ ಉದ್ದಕ್ಕೂ ಕಾದವು. ನಾನು ಹಾಜರಿ ಕೇಳುವುದನ್ನು ಬಿಟ್ಟೆ. ಲೈನ್‌ಮ್ಯಾನ್ ಒಂದು ಸಲ ದಾರಿಯಲ್ಲಿ ಸಿಕ್ಕಿದ. "ಎಂತ ಮಾಷ್ಟ್ರೆ, ನಮ್ಮ ಶಾಲೆ ಮುಚ್ಚಿತಾ?" ಎಂದ. ಇಬ್ಬರೂ ನಕ್ಕೆವು.

ಆ ದಿನ ಮಧ್ಯಾಹ್ನ, ಗಡಿ ಫೀಡರಿನ ಒಂದು ಕವಲಿನ ಕಂಬದಲ್ಲಿ ಜಂಪರ್ ಕಿಡಿ ಉದುರಿಸುತ್ತಿದೆ ಎಂದು ಫೋನ್ ಬಂತು. ಜಂಪರ್ ಎಂದರೆ ಎರಡು ತಂತಿಗಳನ್ನು ಸೇರಿಸುವ ಸಣ್ಣ ತುಂಡು. ಕಟ್ಟು ಸಡಿಲವಾದರೆ ಲೋಡು ಹೆಚ್ಚಿದಾಗ ಕಾದು ಕಿಡಿ ಬರುತ್ತದೆ. ಕಂಬದ ಕೆಳಗೆ ರಸ್ತೆ, ಒಂದು ಬೇಕರಿ, ಮಕ್ಕಳ ಮದ್ರಸದ ದಾರಿ. ಓವರ್‌ಸಿಯರ್ ಪರ್ಮಿಟ್ ಕೇಳಿದರು. ನಾನೂ ಕಂಟ್ರೋಲ್ ರೂಮಿಗೆ ಮಾಡಿ, ಕೆಳಗೆ ಜನ ಓಡಾಡುವ ಜಾಗ ಎಂದೆ.

"ಕಿಡಿ ಮಾತ್ರವಾ, ತಂತಿ ತುಂಡಾಗಿದೆಯಾ?"

"ಕಿಡಿ."

"ಹಾಗಾದ್ರೆ ನಾಳೆ ಬೆಳಿಗ್ಗೆ ಮೊದಲು ಇದನ್ನೇ ಮಾಡುವ. ಇವತ್ತು ಆ ಫೀಡರನ್ನು ಹಗಲೂ ತೆಗೀಲಿಕ್ಕೆ ಆಗೂದಿಲ್ಲ. ಸಂಜೆ ಮಾರ್ಕೆಟ್ ಬಹಳ ಟೈಟ್ ಉಂಟು."

ಸಂಜೆ ಮೇಡಂ ಬಂದು ಪ್ಯಾನೆಲಿನ ಪಕ್ಕದ ಕುರ್ಚಿಯಲ್ಲಿ ಕುಳಿತರು. ಬೆಳಕು ಇನ್ನೂ ಇತ್ತು. ಕಟ್‌ನ ಆರ್ಡರ್ ಬರುವ ಸ್ವಲ್ಪ ಮೊದಲು ಓವರ್‌ಸಿಯರ್ ಆ ಕಂಬದ ಬುಡದಿಂದಲೇ ಫೋನ್ ಮಾಡಿದರು. ಹಿನ್ನೆಲೆಯಲ್ಲಿ ಜನರ ಗಲಾಟೆ ಕೇಳುತ್ತಿತ್ತು.

"ಅಣ್ಣ, ಇವತ್ತು ಪೂರ್ತಿ ಅರ್ಧ ಗಂಟೆ ಸಿಗ್ತದಾ?"

"ಸಿಗ್ತದೆ ಅಂತ ನನಗೆ ಹೇಳ್ಲಿಕ್ಕೆ ಆಗೂದಿಲ್ಲ. ಮೇಲೆ ಯಾರನ್ನೂ ಹತ್ತಿಸ್ಬೇಡಿ."

"ಇಲ್ಲಿ ಜನ ಸೇರಿದ್ದಾರೆ."

"ಸೇರ್ಲಿ. ಹತ್ತಿಸ್ಬೇಡಿ. ಕೇಳ್ತಾ ಉಂಟಾ?"

"ಆಯ್ತು. ಇಲ್ಲ, ಹತ್ತಿಸೂದಿಲ್ಲ."

ಮೇಡಂ ನನ್ನ ಮುಖ ನೋಡಿದರು. ಹೇಳಿದ್ದನ್ನು ಹಾಗೆಯೇ ಅವರಿಗೆ ಹೇಳಿದೆ. ಆರ್ಡರ್ ಬಂತು, ಬ್ರೇಕರ್ ತೆಗೆದೆ, ಹಸಿರು ಬಂತು. ಬೈಗುಳದ ಫೋನುಗಳು ಶುರುವಾದವು, ಸ್ವಲ್ಪ ಹೊತ್ತಿನಲ್ಲಿ ಒಮ್ಮೆಲೇ ನಿಂತುಹೋದವು. ಅದು ಯಾಕೆಂದು ನನಗೆ ಗೊತ್ತಿತ್ತು. ಆ ಭಾಗದ ಮೊಬೈಲ್ ಟವರಿಗೂ ಇದೇ ಫೀಡರಿನ ಕರೆಂಟು. ದಿನವೂ ಕಟ್ ಆಗಿ, ಉಳಿದ ಹೊತ್ತಿನಲ್ಲಿ ವೋಲ್ಟೇಜ್ ಸಾಲದೆ, ಅದರ ಬ್ಯಾಟರಿ ಈಚಿನ ವಾರಗಳಲ್ಲಿ ಸತ್ತಿತ್ತು. ಕಟ್ ಶುರುವಾಗಿ ಕೆಲವು ನಿಮಿಷದಲ್ಲಿ ಅಲ್ಲಿನ ಫೋನುಗಳೆಲ್ಲ ಮೂಕ.

ಆಮೇಲೆ ಕಂಟ್ರೋಲ್ ರೂಮಿನ ಫೋನ್. "ಗಡಿ ಫೀಡರ್ ಹಾಕಿ. ಈ ಬ್ಲಾಕಿಗೆ ಸಿಕ್ಕಿದೆ."

ಈ ಸಲವೂ ಅರ್ಧ ಗಂಟೆ ಆಗಿರಲಿಲ್ಲ.

ನಾನು ಓವರ್‌ಸಿಯರಿಗೆ ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಯಂತ್ರ ಹೇಳಿತು. ಲೈನ್‌ಮ್ಯಾನಿಗೆ ಮಾಡಿದೆ. ಅದೇ ಉತ್ತರ. ಮೇಡಂ ತಮ್ಮ ಫೋನಿನಿಂದ ಕಂಟ್ರೋಲ್ ರೂಮಿಗೆ ಮಾಡಿ, ಸ್ವಲ್ಪ ಹೊತ್ತು ಬೇಕು, ಸೆಕ್ಷನ್ನಿನವರು ಸಿಗುತ್ತಿಲ್ಲ ಎಂದರು. ಆ ಕಡೆಯ ಸ್ವರ ನನಗೂ ಕೇಳಿಸಿತು. ಅದು ಒರಟಾಗಿರಲಿಲ್ಲ. ದಣಿದಿತ್ತು.

"ಪರ್ಮಿಟ್ ಕೊಟ್ಟದ್ದುಂಟಾ ಮೇಡಂ?"

"ಇಲ್ಲ."

"ಎಲ್ಲ ಸಬ್‌ಸ್ಟೇಷನ್ನೂ ಹಾಕಿ ಆಯ್ತು. ಹೋದ ಸಲವೂ ನೀವೇ."

ಮೇಡಂ ಫೋನ್ ಇಟ್ಟರು. "ಓವರ್‌ಸಿಯರ್ ಎಂತ ಹೇಳಿದ್ದು ಚೇಟ್ಟಾ? ಸರಿಯಾಗಿ ಹೇಳಿ."

"ಹತ್ತಿಸೂದಿಲ್ಲ ಅಂತ."

"ಅವರು ಹೇಳಿದ್ರೆ ಹಾಗೆ ಮಾಡುವ ಜನ, ಅಲ್ವಾ?"

"ಹೌದು."

"ಹಾಗಾದ್ರೆ ಹಾಕುವ."

"ನನಗೆ ಕೈ ಬರುವುದಿಲ್ಲ ಮೇಡಂ," ಎಂದೆ. ಕಾರಣ ಕೇಳಿದರೆ ನನ್ನಲ್ಲಿ ಇರಲಿಲ್ಲ. ಫೋನಿನಲ್ಲಿ ಕೇಳಿದ ಆ ಗಲಾಟೆ ಮಾತ್ರ ಕಿವಿಯಲ್ಲಿತ್ತು.

ಅವರು ಎದ್ದರು. "ನಿಮ್ಮ ಮೇಲೆ ಇನ್ನೊಂದು ಮೆಮೊ ಬೇಡ. ನಾನು ಹಾಕ್ತೇನೆ," ಎಂದರು. ನನ್ನ ಮೇಲಿನ ಕರುಣೆಯಿಂದಲೇ ಹಾಗೆಂದದ್ದು. ಪ್ಯಾನೆಲಿನ ಮುಂದೆ ಜಾಗ ಸಣ್ಣದು. ನಾನು ಒಂದು ಬದಿಗೆ ಸರಿದೆ. ಅವರು ಹಿಡಿಕೆ ತಿರುಗಿಸಿದರು.

ಕೆಂಪು ಬಂತು. ಮೀಟರಿನ ಮುಳ್ಳು ಎದ್ದು, ಎಂದಿನ ಜಾಗಕ್ಕೆ ಹೋಗಿ, ಎಂದಿನ ಹಾಗೆ ನಡುಗುತ್ತಾ ನಿಂತಿತು. ಬ್ರೇಕರ್ ಟ್ರಿಪ್ ಆಗಲಿಲ್ಲ. ನಾವಿಬ್ಬರೂ ಅದನ್ನೇ ಕಾಯುತ್ತಿದ್ದೆವು ಎಂದು ಈಗ ತಿಳಿಯುತ್ತದೆ. ಲೈನಿನಲ್ಲಿ ಏನಾದರೂ ಇದ್ದರೆ ಟ್ರಿಪ್ ಆದೀತು, ಆಗಲಿಲ್ಲ, ಆದ್ದರಿಂದ ಏನೂ ಇಲ್ಲ. ಮೇಡಂ ಉಸಿರು ಬಿಟ್ಟು ಕುಳಿತರು. ಒಂದು ಮನುಷ್ಯ ದೇಹದಲ್ಲಿ ಹರಿದುಹೋಗುವ ಕರೆಂಟು ಆ ಲೋಡಿನ ಮುಂದೆ ಎಷ್ಟು ಸಣ್ಣದೆಂದರೆ ಮೀಟರಿಗೂ ಗೊತ್ತಾಗುವುದಿಲ್ಲ, ಬ್ರೇಕರನ್ನು ಹಾರಿಸುವ ರಿಲೇಗೂ ಕೆಲವು ಸಲ ಗೊತ್ತಾಗುವುದಿಲ್ಲ. ಅದು ನನಗೆ ಓದಿ ಗೊತ್ತಿದ್ದ ಸಂಗತಿ.

ಮೇಜಿನ ಫೋನ್ ಹೊಡೆಯಿತು. ದಿನವೂ ಅಜ್ಜಿಯ ಮಾತು ಹೇಳಿ ಬೈಯುತ್ತಿದ್ದವನೇ. ಅವನ ಮನೆ ಇನ್ನೊಂದು ಟವರಿನ ಕೆಳಗೆ.

"ಇವತ್ತು ಬೇಗ ಹಾಕಿದ್ರಿ ಮಾರಾಯ್ರೆ. ಉಪಕಾರ ಆಯ್ತು," ಎಂದ.

ಕರೆಂಟ್ ಬಂದದ್ದರಿಂದ ಕಂಬದ ಹತ್ತಿರದ ಟವರಿಗೂ ಜೀವ ಬಂತು. ಅದು ಎದ್ದು ಸಿಗ್ನಲ್ ಹಿಡಿಯಲು ಕೆಲವು ನಿಮಿಷ ಬೇಕು. ಆಮೇಲೆ ಓವರ್‌ಸಿಯರಿನ ಫೋನ್ ತಾಗಿತು.

"ತೆಗೀರಿ ಅಣ್ಣ! ತೆಗೀರಿ! ತೆಗೀರಿ!"

ತೆಗೆದೆ. ಆಮೇಲೂ ಫೋನಿನಲ್ಲಿ ಅದೇ ಮಾತು ಬರುತ್ತಿತ್ತು. ತೆಗೆದಾಯಿತು ಎಂದು ನಾನು ಮತ್ತೆ ಮತ್ತೆ ಹೇಳಿದರೂ ಅವರಿಗೆ ಕೇಳಿಸುತ್ತಿರಲಿಲ್ಲ.

ಅಲ್ಲಿ ನಡೆದದ್ದು ನನಗೆ ಆಮೇಲೆ ಓವರ್‌ಸಿಯರೂ ಬೇಕರಿಯವನೂ ಹೇಳಿದ್ದು. ಇಬ್ಬರ ಮಾತೂ ಒಂದೇ ಇತ್ತು. ಕಟ್ ಆಗಿ ಕಿಡಿ ನಿಂತಾಗ ಜನ ಮುತ್ತಿದರು. ಮಧ್ಯಾಹ್ನದಿಂದ ನಿಂತು ನೋಡ್ತಾ ಇದ್ದೀರಿ, ಈಗ ಕರೆಂಟ್ ಇಲ್ಲ, ಈಗ ಕಟ್ಟದಿದ್ದರೆ ಯಾವಾಗ ಕಟ್ಟುವುದು, ಮಕ್ಕಳ ತಲೆ ಮೇಲೆ ಬಿದ್ದ ಮೇಲಾ? ಓವರ್‌ಸಿಯರ್ ಇಲ್ಲ ಎಂದರು. ಪರ್ಮಿಟ್ ಇಲ್ಲ ಎಂದರು. ಒಬ್ಬ, ಪರ್ಮಿಟ್ ನಾನು ಕೊಡ್ತೇನೆ ಎಂದು ತನ್ನ ಅಂಗಡಿಯ ಬಿಲ್ಲಿನ ಹಿಂದೆ ಗೀಚಿ ಲೈನ್‌ಮ್ಯಾನಿನ ಕಿಸೆಗೆ ತುರುಕಿದ. ಎಲ್ಲರೂ ನಕ್ಕರು. ಲೈನ್‌ಮ್ಯಾನೂ ನಕ್ಕ. "ಐದು ನಿಮಿಷದ ಕೆಲಸ ಅಣ್ಣ, ಇವರ ಬಾಯಿ ಮುಚ್ಚಿಸುವ," ಎಂದ. ಓವರ್‌ಸಿಯರ್ ನನಗೆ ಹೇಳಲು ಫೋನ್ ತೆಗೆದರು, ಸಿಗ್ನಲ್ ಇರಲಿಲ್ಲ. ಸಿಗ್ನಲ್ ಸಿಗುವಲ್ಲಿಯವರೆಗೆ ಹೋಗಿ ಬರುತ್ತೇನೆ, ಅಲ್ಲಿಯವರೆಗೆ ಹತ್ತಬೇಡ ಎಂದು ಯಾರದೋ ಬೈಕು ಕೇಳಿದರು. ಬೈಕಿನ ಕೀ ಸಿಗುವಷ್ಟರಲ್ಲಿ ಅವನು ಅರ್ಧ ಕಂಬ ಏರಿದ್ದ. ತಂತಿಯನ್ನು ನೆಲಕ್ಕೆ ಸೇರಿಸಿಡುವ ಅರ್ತ್ ರಾಡ್ ಸೆಕ್ಷನ್ನಿನಲ್ಲಿ ಒಂದೇ ಜೊತೆ, ಅದು ಜೀಪಿನಲ್ಲಿತ್ತು. ಜೀಪು ಸುಟ್ಟ ಟ್ರಾನ್ಸ್‌ಫಾರ್ಮರಿನ ಕೆಲಸಕ್ಕೆ ಬೇರೆ ಊರಿಗೆ ಹೋಗಿತ್ತು. ಅದನ್ನು ಹಾಕಿದ್ದರೆ ಮೇಡಂ ಹಿಡಿಕೆ ತಿರುಗಿಸಿದ ಕ್ಷಣವೇ ಬ್ರೇಕರ್ ಹಾರುತ್ತಿತ್ತು, ಅವನು ಇಳಿದು ಬರುತ್ತಿದ್ದ.

ಅವನು ಬೆಲ್ಟಿನಲ್ಲಿ ನೇತಾಡುತ್ತಿದ್ದ. ಮೇಲೆ ಕರೆಂಟ್ ಇರುವಷ್ಟು ಹೊತ್ತು ಯಾರೂ ಹತ್ತಿರ ಹೋಗುವಂತಿರಲಿಲ್ಲ. ಟವರ್ ಏಳುವವರೆಗೆ ಎಲ್ಲರೂ ಕೆಳಗೆ ನಿಂತು ನೋಡಿದರು. ಬೇಕರಿಯಲ್ಲಿ ಲೈಟು ಬಂದಿತ್ತು.

ನಾನು ಕಂಟ್ರೋಲ್ ರೂಮಿಗೆ ಹೇಳಿದೆ: ಗಡಿ ಫೀಡರ್ ತೆಗೆದಿದ್ದೇನೆ, ಲೈನಿನಲ್ಲಿ ಒಬ್ಬ ಇದ್ದಾನೆ. ಈ ಸಲ ಅವರು ನಂಬರ್ ಕೇಳಲಿಲ್ಲ.

"ಬರ್ಕೊಳ್ಳಿ," ಎಂದು ಅವರೇ ಪರ್ಮಿಟ್ ನಂಬರ್ ಕೊಟ್ಟರು. "ಎಷ್ಟು ಹೊತ್ತು ಬೇಕಾದರೂ ಇಟ್ಕೊಳ್ಳಿ. ಮುಂದಿನ ಬ್ಲಾಕಿಗೆ ಪವರ್ ಇಲ್ಲ, ನಿಮಗೆ ಹೇಗೂ ಕಟ್ ಇತ್ತು. ಅದರಲ್ಲೇ ಸೇರಿಸ್ತೇನೆ."

ಅಂದರೆ ಕೊಂಡ ಆ ಕರೆಂಟು ಹದಿನೈದು ನಿಮಿಷದ್ದು ಮಾತ್ರ ಆಗಿತ್ತು.

ಅವನನ್ನು ಇಳಿಸಿದರು. ಆಸ್ಪತ್ರೆಗೆ ಸುಮ್ಮನೆ ಒಯ್ದರು. ಜಂಪರ್ ಅರ್ಧ ಬಿಚ್ಚಿದ ಹಾಗೇ ಇತ್ತು, ಅದನ್ನು ಕಟ್ಟದೆ ಲೈನ್ ಹಾಕುವಂತಿಲ್ಲ. ಜೀಪಿನಲ್ಲಿ ವಾಪಸು ಬಂದ ಇನ್ನೊಬ್ಬ ಲೈನ್‌ಮ್ಯಾನ್ ಅರ್ತ್ ರಾಡ್ ಹಾಕಿ ಅದೇ ಕಂಬ ಹತ್ತಿ ಕಟ್ಟಿ ಇಳಿದ. ಪರ್ಮಿಟ್ ಇತ್ತು. ಯಾರೂ ಅವಸರ ಮಾಡಲಿಲ್ಲ, ಒಂದು ಬೈಗುಳದ ಫೋನೂ ಬರಲಿಲ್ಲ. ಮೇಡಂ ಬ್ಯಾಟರಿ ರೂಮಿನ ಬಾಗಿಲಲ್ಲಿ ನೆಲದ ಮೇಲೆ ಕುಳಿತಿದ್ದರು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದರು, ಬಿಟ್ಟರೆ ಅದು ಎಲ್ಲಿಗಾದರೂ ಹೋದೀತು ಎಂಬ ಹಾಗೆ. ನೀರು ಕೊಟ್ಟೆ. ಕುಡಿಯಲಿಲ್ಲ.

ವಿಚಾರಣೆ ಮೇಲಿನ ಆಫೀಸಿನಲ್ಲಿ. ಎಕ್ಸಿಕ್ಯೂಟಿವ್ ಇಂಜಿನಿಯರ್ ಇದ್ದರು, ಹೊರಗಿನಿಂದ ಬಂದ ಇನ್ನೊಬ್ಬ ಅಧಿಕಾರಿ ಇದ್ದರು. ಪರ್ಮಿಟ್ ಇತ್ತೇ ಎಂದು ಕೇಳಿದರು. ಇರಲಿಲ್ಲ ಎಂದೆ. ಅವನು ಹತ್ತಿದ್ದು ಗೊತ್ತಿತ್ತೇ? ಇರಲಿಲ್ಲ. ಹಾಗಾದರೆ ಇದು ಅನುಮತಿ ಇಲ್ಲದ ಕೆಲಸ ಎಂದು ಒಬ್ಬರು ಹೇಳಿ ಇನ್ನೊಬ್ಬರು ತಲೆಯಾಡಿಸಿದರು. ಆ ಶಬ್ದ ಬಿದ್ದರೆ ಕಾಂಟ್ರಾಕ್ಟಿನವನ ಮನೆಯವರಿಗೆ ಪರಿಹಾರ ಕಷ್ಟ ಎಂದು ನನಗೆ ಗೊತ್ತಿತ್ತು. ರೂಢಿಯ ಬಗ್ಗೆ ಹೇಳಿದೆ, ಎಬಿ ಸ್ವಿಚ್ಚಿನ ಬಗ್ಗೆ, ಕೊಡದ ಪರ್ಮಿಟ್ಟುಗಳ ಬಗ್ಗೆ, ಟವರಿನ ಬಗ್ಗೆ ಹೇಳಿದೆ. ಎಲ್ಲವನ್ನೂ ಕೇಳಿಕೊಂಡರು.

ಕೊನೆಗೆ ಎಕ್ಸಿಕ್ಯೂಟಿವ್ ಇಂಜಿನಿಯರ್, ಕನ್ನಡಕ ತೆಗೆದು, ಮೃದುವಾಗಿಯೇ ಕೇಳಿದರು: "ಮೊದಲ ಸಲ ಪರ್ಮಿಟ್ ಇಲ್ಲದೆಯೂ ನೀವು ತಡೆದು ನಿಂತಿರಿ. ಈ ಸಲ ಯಾಕೆ ನಿಲ್ಲಲಿಲ್ಲ?"

"ಮೆಮೊ ಇತ್ತು ಸಾರ್."

"ಮೆಮೊ ಸಾಮಾನ್ಯ ಸಂದರ್ಭಕ್ಕೆ," ಎಂದರು. ನನ್ನ ಹೇಳಿಕೆ ಟೈಪ್ ಆಗುವವರೆಗೆ ಹೊರಗೆ ಇರಲು ಹೇಳಿದರು.

ಹೊರಗೆ ಬೆಂಚಿನಲ್ಲಿ ಸತ್ತವನ ಹೆಂಡತಿ ಕುಳಿತಿದ್ದರು, ಹೇಳಿಕೆ ಕೊಡಲು ಕರೆಸಿದ್ದರು. ಬೆಂಚಿನ ಅರ್ಧ ಖಾಲಿ ಇತ್ತು. ನಾನು ಯಾರೆಂದು ಹೇಳಿದೆ. ಅವರು ಬ್ಯಾರಿ ಭಾಷೆಯಲ್ಲಿ ಕೇಳಿದರು, ನಾನು ನನಗೆ ಬರುವ ಬ್ಯಾರಿಯಲ್ಲಿ ಉತ್ತರ ಕೊಟ್ಟೆ.

"ಕರೆಂಟ್ ಹಾಕಿದ್ದು ನೀವಾ?"

"ಅಲ್ಲ."

"ಮತ್ತೆ ನೀವು ಎಲ್ಲಿದ್ದಿರಿ?"

"ಅಲ್ಲೇ. ಪಕ್ಕದಲ್ಲಿ ನಿಂತಿದ್ದೆ."

ಅವರು ನನ್ನನ್ನು ನೋಡಿದರು. ಆಮೇಲೆ ಮಡಿಲಿನಲ್ಲಿದ್ದ ಕೈಚೀಲವನ್ನು ಎತ್ತಿ ಬೆಂಚಿನ ಖಾಲಿ ಜಾಗದಲ್ಲಿ ಇಟ್ಟರು. ಹೇಳಿಕೆ ಟೈಪ್ ಆಗಿ ಬರುವವರೆಗೆ ನಾನು ಗೋಡೆಯ ಹತ್ತಿರ ನಿಂತಿದ್ದೆ.